ಅಪ್ಪಯ್ಯನ ಕಿಸೆಯ ಚಾಕು

ಪ್ರಶ್ನೆ: ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ಮಾಟುಂಗಾದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ತಮ್ಮದೇ ಸಣ್ಣ ಅಂಗಡಿ ಇಟ್ಟವರು. ನನಗೆ ತಿಳಿದ ಮಟ್ಟಿಗೆ ಒಂದು ಮಡಚುವ ಚಾಕು ಅವರ ಕಿಸೆಯಲ್ಲಿ ಇಲ್ಲದ ದಿನವೇ ಇರಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂದಿದೆ. ಅಲಗು ಪೂರ್ತಿ ಕಪ್ಪಾಗಿದೆ, ಸವೆದು ಅರ್ಧದಷ್ಟೇ ಅಗಲ ಉಳಿದಿದೆ, ಕೀಲು ಬಿಗಿದುಕೊಂಡು ತೆರೆಯುವುದೇ ಕಷ್ಟವಾಗಿದೆ. ಅಂಗಡಿಯವರೊಬ್ಬರು ಬೇರೆ ಅಲಗು ಹಾಕಿ, ಹಿಡಿಗೆ ಪಾಲಿಶ್ ಮಾಡಿ ಹೊಸದರಂತೆ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ? ಇದನ್ನು ಕಿಸೆಯಲ್ಲಿಟ್ಟುಕೊಂಡು ಮುಂಬಯಿಯಲ್ಲಿ ಓಡಾಡುವುದಕ್ಕೆ ಕಾನೂನಿನ ಅಡ್ಡಿ ಇದೆಯೇ?
(ಓದುಗರೊಬ್ಬರು, ಮುಲುಂಡ್)

ಉತ್ತರ: ಅಲಗನ್ನು ಬದಲಿಸಬೇಡಿ, ಪಾಲಿಶ್ ಕೂಡ ಮಾಡಿಸಬೇಡಿ. ತಮ್ಮ ತಂದೆಯವರ ಚಾಕು ಹಾಳಾಗಿದೆ ಎಂಬ ಭಾವನೆಯನ್ನು ಮೊದಲು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ತಾವು ದೋಷವೆಂದು ಬರೆದಿರುವ ಮೂರು ಸಂಗತಿಗಳಲ್ಲಿ ಎರಡು ದೋಷಗಳೇ ಅಲ್ಲ. ಮೂರನೆಯದು ಒಂದು ರಾತ್ರಿ ಕಾದರೆ ಸರಿಹೋಗುವಂಥದ್ದು.

ಕಪ್ಪು ಬಣ್ಣದ ವಿಷಯವನ್ನು ಮೊದಲು ತೆಗೆದುಕೊಳ್ಳೋಣ. ಆ ಕಾಲದ ಕಿಸೆ ಚಾಕುಗಳಲ್ಲಿ ಬಹುಪಾಲು ಕಾರ್ಬನ್ ಉಕ್ಕಿನವು, ಅಂದರೆ ಕಬ್ಬಿಣಕ್ಕೆ ಸುಮಾರು ಶೇಕಡಾ ಒಂದರಷ್ಟು ಇಂಗಾಲ ಸೇರಿಸಿ, ಕಾಯಿಸಿ, ತಟ್ಟನೆ ತಣಿಸಿ ಗಟ್ಟಿ ಮಾಡಿದಂಥವು. ಇಂದು ಅಡುಗೆಮನೆಯಲ್ಲಿ ನಾವು ಕಾಣುವ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರುವುದರಿಂದ ಅದು ಬಣ್ಣಗೆಡುವುದಿಲ್ಲ. ಹಳೆಯ ಚಾಕುವಿನಲ್ಲಿ ಆ ರಕ್ಷಣೆ ಇಲ್ಲ. ಅಡಿಕೆ, ಬಾಳೆಕಾಯಿ, ಮಾವಿನ ಮಿಡಿ ಇವುಗಳ ಒಗರಿನಲ್ಲಿರುವ ಟ್ಯಾನಿನ್ ಎಂಬ ಅಂಶವು ಕಬ್ಬಿಣವನ್ನು ಸೇರಿದಾಗ ಕಪ್ಪಾಗುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯನ್ನು ಕಬ್ಬಿಣದೊಡನೆ ಸೇರಿಸಿ ಬರೆಯುವ ಮಸಿ ತಯಾರಿಸುತ್ತಿದ್ದುದು ಇದೇ ಕ್ರಿಯೆಯ ಬಲದಿಂದ. ತಮ್ಮ ತಂದೆಯವರು ಎಲೆಯಡಿಕೆ ಹಾಕುವವರಾಗಿದ್ದರೆ, ಆ ಅಲಗಿನ ಮೇಲಿರುವುದು ಅವರ ಐವತ್ತು ವರ್ಷದ ಅಡಿಕೆಯ ಮಸಿ ಎಂದೇ ತಿಳಿಯಬಹುದು. ಈ ಕಪ್ಪು ಪದರ ಉಕ್ಕನ್ನು ತಿನ್ನುವುದಿಲ್ಲ, ತಕ್ಕಮಟ್ಟಿಗೆ ತುಕ್ಕನ್ನು ತಡೆಯುತ್ತದೆ ಕೂಡ. ತೆಗೆಯಬೇಕಾದದ್ದು ಕೆಂಪು ತುಕ್ಕು ಮಾತ್ರ. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಅಂಟುವ ಜಾಗಗಳಿದ್ದರೆ, ಅತ್ಯಂತ ನಯವಾದ ಎಮರಿ ಕಾಗದಕ್ಕೆ ಎರಡು ಹನಿ ಎಣ್ಣೆ ಹಾಕಿ ಅಷ್ಟು ಜಾಗವನ್ನು ಮಾತ್ರ ಮೆಲ್ಲನೆ ಉಜ್ಜಿರಿ. ಉಳಿದುದನ್ನು ಮುಟ್ಟಬೇಡಿ.

ಸವೆತದ ಬಗ್ಗೆ ತಾವು ವಿಷಾದದಿಂದ ಬರೆದಿದ್ದೀರಿ, ನಾನಾದರೆ ಅದನ್ನು ಗೌರವದಿಂದ ನೋಡುತ್ತೇನೆ. ನಾನು ಠಾಣೆಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದವನು, ಸವೆದ ಉಪಕರಣಗಳನ್ನು ದಿನವೂ ಕೈಯಲ್ಲಿ ಹಿಡಿದವನು. ಒರಟು ಕೈಯಲ್ಲಿ ಸಿಕ್ಕ ಅಲಗು ಒಂದು ಕಡೆ ತಗ್ಗಾಗಿ, ಇನ್ನೊಂದು ಕಡೆ ಉಬ್ಬಾಗಿ, ತುದಿ ಮುರಿದು ಹೋಗಿರುತ್ತದೆ. ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಸವೆದು ಅಗಲ ಅರ್ಧಕ್ಕೆ ಬಂದಿದ್ದರೆ, ಅದನ್ನು ಹಿಡಿದವರು ಐವತ್ತು ವರ್ಷ ಒಂದೇ ಕಲ್ಲಿನ ಮೇಲೆ, ಒಂದೇ ಕೋನದಲ್ಲಿ, ಅವಸರವಿಲ್ಲದೆ ಸಾಣೆ ಹಿಡಿದಿದ್ದಾರೆ ಎಂದು ಅರ್ಥ. ತಾವು ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಗೆರೆಯನ್ನು ನೋಡಿರಿ. ರಾತ್ರಿ ಶಾಲೆಯ ಹುಡುಗನೊಬ್ಬ ಪೆನ್ಸಿಲ್ ಕೆತ್ತಿದ್ದು, ಅಂಗಡಿಗೆ ಬಂದ ಗೋಣಿಚೀಲದ ಹೊಲಿಗೆ ಬಿಚ್ಚಿದ್ದು, ಮಕ್ಕಳಿಗೆ ಪೇರಲೆ ಹಣ್ಣು ಹೋಳು ಮಾಡಿ ಕೊಟ್ಟದ್ದು ಎಲ್ಲವೂ ಆ ಗೆರೆಯಲ್ಲಿ ಸೇರಿದೆ. ಹೊಸ ಅಲಗು ಹಾಕಿಸಿದರೆ ತಮ್ಮ ಕೈಗೆ ಬರುವುದು ಅಂಗಡಿಯವರ ಚಾಕು, ಅಪ್ಪಯ್ಯನದಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ನನ್ನ ಅಜ್ಜನ ಚಾಕು ನನ್ನ ಕೈಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ, ಹೊಸದಾಗಿ ಕೆಲಸಕ್ಕೆ ಸೇರಿದ ಹುರುಪು. ಕಾರ್ಖಾನೆಯ ಬೆಂಚ್ ಗ್ರೈಂಡರಿನ ಚಕ್ರಕ್ಕೆ ಅದನ್ನು ಒಡ್ಡಿದೆ. ಕಿಡಿ ಹಾರುತ್ತಿದ್ದಂತೆಯೇ ಅಂಚು ಮೊದಲು ಒಣಹುಲ್ಲಿನ ಹಳದಿಗೆ, ಮತ್ತೆ ನವಿಲುಗರಿಯ ನೀಲಿಗೆ ತಿರುಗಿತು. ಉಕ್ಕು ನೀಲಿಯಾಯಿತೆಂದರೆ ಅದರ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದು ಲೆಕ್ಕ, ಮತ್ತು ಚಾಕುವಿನ ಅಂಚಿಗೆ ಬೇಕಾದ ಗಡಸುತನ ಅಷ್ಟು ಬಿಸಿಗೆ ಉಳಿಯುವುದಿಲ್ಲ. ಅಜ್ಜ ನಲವತ್ತು ವರ್ಷ ಬಳಸಿದ ಅಲಗನ್ನು ನಾನು ನಲವತ್ತು ಸೆಕೆಂಡಿನಲ್ಲಿ ಮೆತ್ತಗಾಗಿಸಿದೆ. ಆಮೇಲೆ ಎಷ್ಟು ಸಾಣೆ ಹಿಡಿದರೂ ಅದರ ಧಾರ ಒಂದು ಸೌತೆಕಾಯಿಯನ್ನು ಹೆಚ್ಚುವಷ್ಟರಲ್ಲಿ ಮೊಂಡಾಗುತ್ತಿತ್ತು. ಅದು ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಬರುವ ಸಾಣೆಯವರಲ್ಲಿ ನುರಿತವರು ಇದ್ದಾರೆ, ಅವರ ಹೊಟ್ಟೆಪಾಡಿನ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಒಣ ಚಕ್ರಕ್ಕೆ ತೆಳುವಾದ ಹಳೆಯ ಅಲಗನ್ನು ಕೊಡಲೇಬಾರದು. ಅಡುಗೆಮನೆಯ ದಪ್ಪ ಚಾಕುವಿಗೆ ಅದು ಸಾಕು.

ಕೀಲಿನ ಕೆಲಸವನ್ನು ತಾವೇ ಮಾಡಬಹುದು. ಇಕ್ಕಳದಿಂದ ಅಲಗನ್ನು ಎಳೆಯಬೇಡಿ. ಕಿಸೆಯ ನೂಲಿನ ಎಳೆಗಳು, ಹೊಗೆಸೊಪ್ಪಿನ ಪುಡಿ, ಒಣಗಿದ ಸುಣ್ಣ ಇವೆಲ್ಲ ಹಳೆಯ ಎಣ್ಣೆಯೊಡನೆ ಸೇರಿ ಕೀಲಿನಲ್ಲಿ ಅಂಟಾಗಿರುತ್ತವೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಕೀಲಿನ ಎರಡೂ ಬದಿಗೆ ಮೂರು ಮೂರು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಅಲಗನ್ನು ಹಿಡಿಯಿಂದ ಕೂದಲೆಳೆಯಷ್ಟು ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ ಮಾಡುತ್ತಾ ಹೋದರೆ ಕಪ್ಪು ಕೆಸರು ಹೊರಗೆ ಬರುತ್ತದೆ. ಒಳಗಿನ ಸಂದಿಯನ್ನು ತೆಂಗಿನ ಕಸಬರಿಕೆಯ ಕಡ್ಡಿಯ ತುದಿಗೆ ಬಟ್ಟೆಯ ಚೂರು ಸುತ್ತಿ ಸ್ವಚ್ಛ ಮಾಡಿ. ನೆಲಗಡಲೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಕೀಲಿಗೆ ಹಾಕಬಾರದು, ಅವು ಕಾಲಕ್ರಮದಲ್ಲಿ ಗೋಂದಿನಂತಾಗುತ್ತವೆ. ಕೀಲು ಅಲುಗಾಡುತ್ತಿದ್ದರೆ ಅದರ ಮೊಳೆಯ ತಲೆಯನ್ನು ಸ್ವಲ್ಪ ತಟ್ಟಿ ಬಿಗಿ ಮಾಡಬೇಕಾಗುತ್ತದೆ. ಇದಕ್ಕೆ ಹಾರ್ಡ್‌ವೇರ್ ಅಂಗಡಿಗಿಂತ ಪರಿಚಯದ ಅಕ್ಕಸಾಲಿಗರ ಬಳಿಗೆ ಹೋಗಿ. ಸಣ್ಣ ಸುತ್ತಿಗೆಯ ಹಿಡಿತ ಅವರಿಗಿದ್ದಷ್ಟು ಬೇರೆಯವರಿಗೆ ಇರುವುದು ಅಪರೂಪ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ ನಿಯಮಗಳು ಹರಿತವಾದ ಆಯುಧಗಳ ಪಟ್ಟಿಗೆ ಸೇರಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಬಳಕೆ, ಬೇಸಾಯ, ವಿಜ್ಞಾನ ಮತ್ತು ಕೈಗಾರಿಕೆಗಾಗಿ ಮಾಡಿದವನ್ನು ಅಲ್ಲಿಯೇ ಹೊರಗಿಟ್ಟಿದೆ. ಮೂರು ಇಂಚಿನ ಕಿಸೆ ಚಾಕು ಈ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯ್ದೆಯ 37ನೆಯ ಕಲಮು ಶಾಂತಿಪಾಲನೆಗಾಗಿ ಕತ್ತಿ, ಚಾಕು, ದೊಣ್ಣೆ ಮುಂತಾದವನ್ನು ಒಯ್ಯುವುದನ್ನು ನಿರ್ದಿಷ್ಟ ಅವಧಿಗೆ ನಿಷೇಧಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ, ಮತ್ತು ಮುಂಬಯಿಯಲ್ಲಿ ಇಂಥ ಆದೇಶಗಳು ಹೊರಡುತ್ತಲೇ ಇರುತ್ತವೆ. ಆದ್ದರಿಂದ ಸಭೆ, ಮೆರವಣಿಗೆ, ಚುನಾವಣೆ, ನ್ಯಾಯಾಲಯ, ಸರಕಾರಿ ಕಚೇರಿ ಎಂದರೆ ಚಾಕು ಮನೆಯಲ್ಲಿರಲಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲೇಬೇಡಿ, ಭದ್ರತಾ ತಪಾಸಣೆಯಲ್ಲಿ ಅದನ್ನು ಕಳೆದುಕೊಂಡರೆ ಮರಳಿ ಪಡೆಯುವುದು ಕಷ್ಟ. ಊರಿಗೆ ಹೋಗುವಾಗ ತೂಕಕ್ಕೆ ಹಾಕುವ ಪೆಟ್ಟಿಗೆಯಲ್ಲಿಡಿ.

ಪ್ರಶ್ನೆ: ಕಿಸೆ ಚಾಕು ಎಂದರೆ ಎಲ್ಲರೂ ಸ್ವಿಸ್ ಚಾಕು, ಫ್ರಾನ್ಸಿನ ಚಾಕು ಎನ್ನುತ್ತಾರೆ. ನಮ್ಮ ಕನ್ನಡ ನಾಡಿನಲ್ಲಿ ಜೀವನವಿಡೀ ಜೊತೆಯಲ್ಲಿಟ್ಟುಕೊಳ್ಳುವ ಚಾಕುವಿನ ರೂಢಿ ಇರಲಿಲ್ಲವೇ?
(ನಿವೃತ್ತ ಶಿಕ್ಷಕರು, ಡೊಂಬಿವಲಿ)

ಉತ್ತರ: ಇತ್ತು, ಆದರೆ ಅದು ಕಿಸೆಯಲ್ಲಿರಲಿಲ್ಲ. ಕಿಸೆ ಇರುವ ಅಂಗಿ ನಮ್ಮ ಹಳ್ಳಿಗಳಿಗೆ ಬಂದದ್ದು ತಡವಾಗಿ, ಅದಕ್ಕೆ ಮೊದಲು ಮನುಷ್ಯನ ಸ್ವಂತದ ಚಾಕು ಸೊಂಟದಲ್ಲಿ ಅಥವಾ ಎಲೆಯಡಿಕೆಯ ಸಂಚಿಯಲ್ಲಿ ಇರುತ್ತಿತ್ತು. ಕರಾವಳಿಯ ಮನೆಗಳಲ್ಲಿ ಪೀಶಕತ್ತಿ ಎಂದು ಕರೆಯುವ ಸಣ್ಣ ಕತ್ತಿಯನ್ನೂ, ಅಡಿಕೆ ಕತ್ತರಿಸುವ ಅಡಕೊತ್ತನ್ನೂ ಹಿರಿಯರು ಬೇರೆಯವರಿಗೆ ಎರವಲು ಕೊಡುತ್ತಿರಲಿಲ್ಲ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರು ಸೊಂಟಕ್ಕೆ ಕತ್ತಿಕೊಕ್ಕೆಯನ್ನು ಕಟ್ಟಿ ಅದಕ್ಕೆ ಕತ್ತಿ ಸಿಕ್ಕಿಸಿಕೊಂಡೇ ಮನೆಯಿಂದ ಹೊರಡುತ್ತಿದ್ದರು. ಕೊಡವರು ಕುಪ್ಯ ಎಂಬ ನಿಲುವಂಗಿಯ ಮೇಲೆ ಬಿಗಿದ ಚೇಲೆಯಲ್ಲಿ, ಅಂದರೆ ಸೊಂಟದ ಪಟ್ಟಿಯಲ್ಲಿ, ಸಿಕ್ಕಿಸುವ ಪೀಚೆಕತ್ತಿ ಇಂದಿಗೂ ಮದುವೆಯಲ್ಲಿ ವರನ ಉಡುಪಿನ ಭಾಗ. ಬೆಳ್ಳಿ ಕೆಲಸದ ಒರೆ, ಸರಪಳಿ ಇರುವ ಆ ಕತ್ತಿಗಳು ತಂದೆಯಿಂದ ಮಗನಿಗೆ ಸಲ್ಲುತ್ತಾ ಬಂದಿವೆ.

ಮಡಚುವ ಚಾಕುವಾದರೋ ಪರದೇಶದ್ದು ಎನ್ನುವುದು ನಿಜ, ಆದರೆ ಅದು ಸ್ವಿಸ್ ಚಾಕುವಿಗಿಂತ ಬಹಳ ಹಳೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ಸಿಕ್ಕಿರುವ ಮೂಳೆಯ ಹಿಡಿಯ ಮಡಚುಚಾಕುವಿಗೆ ಸುಮಾರು 2,500 ವರ್ಷ ವಯಸ್ಸು, ರೋಮನರಲ್ಲಿಯೂ ಇಂಥವು ಇದ್ದವು. ಇಂಗ್ಲಿಷಿನವರು ಪೆನ್ ನೈಫ್ ಎಂದು ಕರೆದದ್ದು ಹಕ್ಕಿಯ ಗರಿಯ ಲೇಖನಿಯ ಮೊನೆ ಕೆತ್ತುವ ಸಣ್ಣ ಚಾಕುವನ್ನು. ಗರಿ ಹೋಗಿ ಉಕ್ಕಿನ ನಿಬ್ಬು ಬಂದ ಮೇಲೂ ಹೆಸರು ಉಳಿಯಿತು. ಅದೇ ಚಾಕು ಶೆಫೀಲ್ಡಿನಿಂದ ಹಡಗಿನಲ್ಲಿ ನಮ್ಮ ಬಂದರುಗಳಿಗೆ ಬಂದು, ಕಚೇರಿಯ ಗುಮಾಸ್ತರ, ಶಾಲಾ ಮಾಸ್ತರರ ಮೇಜಿನ ಮೇಲೆ ನೆಲೆಯಾಯಿತು. ಉತ್ತರ ಪ್ರದೇಶದ ರಾಂಪುರದ ಚಾಕು ಬೇರೆಯೇ ಜಾತಿ. ಅದರ ಕುಸುರಿ ಮೆಚ್ಚುವಂಥದ್ದೇ ಆದರೂ, ಉದ್ದನೆಯ ಆ ಅಲಗಿಗೂ ಪೆನ್ಸಿಲ್ ಕೆತ್ತುವ ಚಾಕುವಿಗೂ ಯಾವ ಬಳಕೆಯ ಸಂಬಂಧವೂ ಇಲ್ಲ. ಹಿಂದಿ ಚಿತ್ರಗಳ ಖಳನಾಯಕರು ರಾಂಪುರಿಯನ್ನು ಝಳಪಿಸಿದ್ದರಿಂದ ಮುಂಬಯಿಯಲ್ಲಿ ಕಿಸೆಯಿಂದ ಸಣ್ಣ ಚಾಕು ತೆಗೆದು ಮಾವಿನ ಹಣ್ಣು ಹೆಚ್ಚುವವರನ್ನೂ ಜನ ಒಮ್ಮೆ ತಿರುಗಿ ನೋಡುವಂತಾಯಿತು ಎಂಬುದು ನನ್ನ ಬೇಸರ.

ಪ್ರಶ್ನೆ: ನನ್ನ ಮಗಳು ಪ್ರತಿ ತಿಂಗಳೂ ಗೆಳತಿಯರೊಡನೆ ರಾಜಗಡ, ತೋರಣಾ ಮುಂತಾದ ಕೋಟೆಗಳನ್ನು ಹತ್ತಲು ಹೋಗುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಜೀವನವಿಡೀ ಬಾಳುವ ಒಂದು ಚಾಕು ಕೊಡಬೇಕೆಂದಿದ್ದೇನೆ. ಯಾವುದನ್ನು ಕೊಳ್ಳಲಿ? ಚಾಕುವನ್ನು ಉಡುಗೊರೆ ಕೊಟ್ಟರೆ ಸಂಬಂಧ ಕಡಿಯುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ.
(ಗೃಹಿಣಿಯೊಬ್ಬರು, ಪುಣೆ)

ಉತ್ತರ: ಮೊದಲು ಅತ್ತೆಯವರ ಮಾತು. ಈ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲಿಯೂ ಇದೆ, ಮತ್ತು ಅಲ್ಲಿನವರು ಅದಕ್ಕೊಂದು ಪರಿಹಾರವನ್ನೂ ಕಂಡುಕೊಂಡಿದ್ದಾರೆ: ಪಡೆದವರು ಕೊಟ್ಟವರಿಗೆ ಒಂದು ನಾಣ್ಯ ಕೊಡುತ್ತಾರೆ, ಆಗ ಅದು ಉಡುಗೊರೆಯಾಗದೆ ಕೊಂಡ ವಸ್ತುವಾಗುತ್ತದೆ. ತಮ್ಮ ಮಗಳು ಅಜ್ಜಿಯ ಎದುರಿಗೇ ತಮಗೆ ಒಂದು ರೂಪಾಯಿ ಕೊಟ್ಟು ಚಾಕು ತೆಗೆದುಕೊಳ್ಳಲಿ. ಹಿರಿಯರ ಮನಸ್ಸಿಗೂ ಸಮಾಧಾನವಾಗುತ್ತದೆ. ಚಾಕುವನ್ನು ಕೈಯಿಂದ ಕೈಗೆ ಕೊಡದೆ ಕೆಳಗಿಟ್ಟು ತೆಗೆದುಕೊಳ್ಳಬೇಕೆಂಬ ನಮ್ಮ ಮನೆಗಳ ಪದ್ಧತಿಯನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದರಿಂದ ಎಷ್ಟೋ ಬೆರಳುಗಳು ಉಳಿದಿವೆ.

ಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹತ್ತಿಪ್ಪತ್ತು ಉಪಕರಣಗಳಿರುವ ದಪ್ಪ ಚಾಕು ಬೇಡ, ಅದು ಚೀಲದ ತಳ ಸೇರುತ್ತದೆ, ಕೈಗೆ ಬರುವುದಿಲ್ಲ. ಜೀವನವಿಡೀ ಉಳಿಯುವ ಚಾಕು ಹಗುರವಾಗಿರಬೇಕು ಮತ್ತು ಇದೆಯೆಂಬುದು ಮರೆಯುವಷ್ಟು ಸಣ್ಣದಿರಬೇಕು. ಎರಡು ಮಾದರಿಗಳನ್ನು ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಕಮ್ಮಟ ತೆರೆದು, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕು ಒದಗಿಸಿದ. 1897ರಲ್ಲಿ ಅಧಿಕಾರಿಗಳಿಗಾಗಿ ಆತ ಮಾಡಿದ ಹಗುರವಾದ ಚಾಕುವಿನ ವಂಶವೇ ಇಂದಿನ ವಿಕ್ಟೋರಿನಾಕ್ಸ್. ಅದರಲ್ಲಿ ಎರಡು ಮೂರು ಉಪಕರಣವಿರುವ ಚಿಕ್ಕದು ಒಳ್ಳೆಯದು. ಅದರ ಸ್ಟೇನ್‌ಲೆಸ್ ಉಕ್ಕು ತುಸು ಮೆದು, ಆದ್ದರಿಂದ ಬೇಗ ಧಾರ ಕಳೆದುಕೊಂಡರೂ ಅಷ್ಟೇ ಬೇಗ ಸಾಣೆಗೆ ಒಲಿಯುತ್ತದೆ.

ಎರಡನೆಯದು ಫ್ರಾನ್ಸಿನ ಆಲ್ಪ್ಸ್ ಪರ್ವತದ ಸವೊಯ್ ಪ್ರಾಂತದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ ಚಾಕು. ಬೀಚ್ ಮರದ ಒಂದೇ ತುಂಡಿನ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ಪಟ್ಟಿ. 1955ರಲ್ಲಿ ಇದಕ್ಕೆ ತಿರುಗುವ ಉಂಗುರವನ್ನು ಸೇರಿಸಿದರು. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ಅದು ತಡೆಯುತ್ತದೆ, ಹೊಸದಾಗಿ ಚಾಕು ಹಿಡಿಯುವವರಿಗೆ ಇದು ದೊಡ್ಡ ಅನುಕೂಲ. ಗಾತ್ರಗಳಿಗೆ ಸಂಖ್ಯೆಯಿದ್ದು, 8ನೆಯ ಸಂಖ್ಯೆಯ ಅಲಗು 8.5 ಸೆಂಟಿಮೀಟರ್. ಮಗಳ ಕೈ ಸಣ್ಣದಿದ್ದರೆ 7 ಸಾಕು. ಕಾರ್ಬನ್ ಉಕ್ಕಿನದು, ಸ್ಟೇನ್‌ಲೆಸ್ಸಿನದು ಎರಡೂ ಸಿಗುತ್ತವೆ. ಸಹ್ಯಾದ್ರಿಯ ಮಳೆಗಾಲದಲ್ಲಿ ಹತ್ತುವ ಹುಡುಗಿಗೆ ಸ್ಟೇನ್‌ಲೆಸ್ ಕೊಡಿ. ಕಾರ್ಬನ್ ಉಕ್ಕನ್ನು ನಾನು ಹೆಚ್ಚು ಪ್ರೀತಿಸುತ್ತೇನೆ, ಆದರೆ ಅದು ದಿನವೂ ಒರೆಸಿಡುವವರಿಗೆ ಮಾತ್ರ.

ಚಾಕುವಿನ ಜೊತೆಗೆ ಎರಡು ಮುಖದ ಕಾರ್ಬೊರಂಡಮ್ ಸಾಣೆಕಲ್ಲನ್ನೂ ಕೊಡುವುದನ್ನು ಮರೆಯಬೇಡಿ. ಕಲ್ಲಿಲ್ಲದ ಚಾಕು ಆರು ತಿಂಗಳಲ್ಲಿ ಮೊಂಡಾಗಿ ಮೂಲೆ ಸೇರುತ್ತದೆ. ಕಲ್ಲನ್ನು ಒದ್ದೆ ಬಟ್ಟೆಯ ಮೇಲಿಟ್ಟು ನೀರು ಹನಿಸಬೇಕು. ಅಲಗು 2 ಸೆಂಟಿಮೀಟರ್ ಅಗಲವಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ ಅರ್ಧ ಸೆಂಟಿಮೀಟರ್ ಎತ್ತಿ ಹಿಡಿದಾಗ ಸುಮಾರು 15 ಡಿಗ್ರಿಯ ಕೋನ ಬರುತ್ತದೆ, ಕಿಸೆ ಚಾಕುವಿಗೆ ಅದು ತಕ್ಕದ್ದು. ಕಲ್ಲಿನಿಂದ ತೆಳ್ಳಗೆ ಸಿಪ್ಪೆ ಸುಲಿಯುವಂತೆ ಅಂಚನ್ನು ಮುಂದಕ್ಕೆ ನೂಕುತ್ತಾ ಹೋಗಬೇಕು. ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ಮುಳ್ಳಿನಂಥ ಒರಟು ತಗುಲಿದಾಗ ಅಲಗನ್ನು ಮಗುಚಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಅಂಚು ಹಿಂದಾಗುವಂತೆ ಹತ್ತು ಬಾರಿ ಎಳೆದರೆ ಕೆಲಸ ಮುಗಿಯಿತು. ಬಲ ಬೇಡ. ಚಾಕುವಿನ ತೂಕಕ್ಕೆ ಕೈಯ ತೂಕ ತುಸು ಸೇರಿದರೆ ಸಾಕು.

ಪ್ರಶ್ನೆ: ನನ್ನ ಮರದ ಹಿಡಿಯ ಚಾಕು ಮಳೆಗಾಲದಲ್ಲಿ ತೆರೆಯುವುದೇ ಇಲ್ಲ, ಬೇಸಿಗೆಯಲ್ಲಿ ಸರಿಯಾಗುತ್ತದೆ. ಅಲಗಿಗೂ ಬೇಗ ತುಕ್ಕು ಹಿಡಿಯುತ್ತದೆ.
(ಬಂದರಿನ ನೌಕರರು, ವಾಸ್ಕೋ)

ಉತ್ತರ: ಮರ ತೇವ ಹೀರಿ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತಿದೆ. ಒಪಿನೆಲ್ಲಿನ ಊರಿನವರಿಗೇ ಈ ತೊಂದರೆ ಇದೆ. ಅವರು ಹಿಡಿಯ ಹಿಂಬದಿಯ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟುತ್ತಾರೆ, ಅಲಗು ಉಗುರಿಗೆ ಸಿಗುವಷ್ಟು ತಾನಾಗಿ ಮೇಲೇಳುತ್ತದೆ. ಹಿಡಿಯನ್ನು ಬಿಸಿಲಿಗೆ ಒಣಗಿಸಲು ಹೋಗಬೇಡಿ, ಸೀಳುತ್ತದೆ. ಬೇಸಿಗೆಯಲ್ಲಿ, ಮರ ಪೂರ್ತಿ ಒಣಗಿರುವಾಗ, ಬಡಗಿಗಳು ಬಳಸುವ ಅಗಸೆ ಎಣ್ಣೆಯನ್ನು ಹಿಡಿಯ ಒಳಗೂ ಹೊರಗೂ ತೆಳುವಾಗಿ ಹಚ್ಚಿ ಒಂದು ವಾರ ಆರಲು ಬಿಡಿ, ಕೀಲಿಗೆ ಮಾತ್ರ ಅದು ತಾಗದಿರಲಿ. ಕಡಲ ಗಾಳಿಯಲ್ಲಿರುವ ಉಪ್ಪು ತುಕ್ಕನ್ನು ಬೆಳೆಸುತ್ತದೆಯಾದ್ದರಿಂದ ತಮ್ಮಲ್ಲಿ ಅಲಗಿಗೆ ವಾರಕ್ಕೊಮ್ಮೆ ತೆಂಗಿನೆಣ್ಣೆ ಸವರಲೇಬೇಕು. ಹಲಸಿನ ಹಣ್ಣು ಹೆಚ್ಚುವಾಗ ಮೇಣ ಅಂಟದಿರಲೆಂದು ಕತ್ತಿಗೆ ಹಚ್ಚುತ್ತೇವಲ್ಲ, ಅಷ್ಟೇ ತೆಳುವಾಗಿ. ಚರ್ಮದ ಒರೆಯಲ್ಲಿ ಹಾಕಿಡಬೇಡಿ, ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ಎಷ್ಟನೆಯ ವಯಸ್ಸಿಗೆ ಮೊಮ್ಮಗನ ಕೈಗೆ ಚಾಕು ಕೊಡಬಹುದು?
(ಹಿರಿಯ ನಾಗರಿಕರು, ಬೊರಿವಲಿ)

ಉತ್ತರ: ವಯಸ್ಸಿನ ಲೆಕ್ಕಕ್ಕಿಂತ, ಹುಡುಗ ಒಂದು ಜಾಗದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಬಲ್ಲನೇ ಎಂಬುದನ್ನು ನೋಡಿ. ನನ್ನ ಅಜ್ಜ ನನಗೆ ಚಾಕು ಕೊಟ್ಟದ್ದು ಮಹಾನವಮಿಯ, ಅಂದರೆ ಮರಾಠಿಗರು ಖಂಡೇನವಮಿ ಎನ್ನುವ ಆಯುಧಪೂಜೆಯ, ಸಮಯದಲ್ಲಿ. ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದ ಚಾಕುವನ್ನು ಮರುದಿನ ಒರೆಸಿ, ಒಂದು ಪೆನ್ಸಿಲ್ ಜೊತೆಗೆ ಮಣೆಯ ಮೇಲಿಟ್ಟು ತೆಗೆದುಕೋ ಎಂದರು. ಕುಳಿತೇ ಕೆತ್ತಬೇಕು, ಅಲಗು ಮೈಯಿಂದ ಆಚೆಗೆ ಹೋಗಬೇಕು, ಎದುರಿಗೆ ಯಾರಾದರೂ ಬಂದರೆ ನಿಲ್ಲಿಸಬೇಕು. ಆ ಒಂದು ವರ್ಷ ಪೆನ್ಸಿಲ್ ಬಿಟ್ಟು ಬೇರೆ ಯಾವುದನ್ನೂ ಕೆತ್ತಲು ನನಗೆ ಅನುಮತಿ ಇರಲಿಲ್ಲ, ಮತ್ತು ಮಣೆಯಿಂದ ಏಳುವ ಮೊದಲು ಚಾಕು ಮಡಚಿದೆಯೇ ಎಂದು ಅವರು ತಪ್ಪದೆ ನೋಡುತ್ತಿದ್ದರು.